ಹೊಸಾ ಟಾಕಿಯ ನೀರು

ಎಂಬತ್ತನೇ ಇಸವಿ ಸುಮಾರಿಗೆ ಇಳಕಲ್ಲಾಗ ಒಬ್ಬ ನೇಕಾರರ ಮನ್ಯಾಗ ಹಳೇ ಸಂಡಾಸ ಕೆಡವಿ, ಹೊಸಾದು ಕಟ್ಟಿ, ಅದಕ್ಕ ಸೆಪ್ಟಿಕ್ ಟಾಕಿ ಕೂಡ್ಸಿದ್ದೆ. ಸೋರತೈತೇನಂತ ನೋಡಾಕ ಸಂಜಿಮುಂದ ಟಾಕಿ ತುಂಬ ನೀರು ನಿಲ್ಲಿಸಿ ಹೋದೆ. ಮುಂಜಾನೆ ಬಂದ್ರ ಟಾಕಿ ಖಾಲಿ.

“ಏನ್ರೀ ಗೌಂಡ್ಯಾರ, ಇದ ಏನ್ರಿ ನಿಮ್ಮ ಕೆಲಸ?” ಅಂದ್ರು ಮನಿ ಯಜಮಾನ್ರು. ಓಣಿ ಮಂದಿ ನಿಂತು ಕೇಳಾಕತ್ತಿದ್ರು. ಅದ ಓಣ್ಯಾಗ ನಾ ಇನ್ನೂ ಕೆಲಸ ಹಿಡಿಯೂದಿತ್ತು.

“ನಾ ಕಟ್ಟಿದ ಟಾಕಿ ಸೋರೂದಿಲ್ರಿ,” ಅಂದೆ.

ಒಳಗಿಂದ ಅವರ ಅವ್ವ ಬಂದ್ರು. “ಅದರಾಗ ಇನ್ನಾ ಯಾರೂ ಕುಂತಿಲ್ಲಲ್ಲಪಾ! ಅಷ್ಟು ಚೊಲೋ ನೀರು ಯಾಕ ಹಾಳು ಮಾಡೂದಂತ ಹೊತ್ತು ಮೂಡೂದ್ರಾಗ ಓಣಿ ಹೆಂಗಸ್ರೆಲ್ಲಾ ತುಂಬಕೊಂಡ್ವಿ. ನೂಲಿಗೆ ಬಣ್ಣಾನೂ ಹಾಕೇವಿ.”

ಮುಂದಿನ ಮನ್ಯಾಗ ನಾ ಶಾಣ್ಯಾ ಆಗಿ, ಟಾಕಿ ನೀರಿಗೆ ಸಗಣಿ ಕಲಸಿ ಇಟ್ಟೆ. ಅದನ್ನೂ ಒಯ್ದ್ರು, ಅಂಗಳ ಸಾರಿಸಾಕ.