ಎಣ್ಣೆ ಕಾಣದ ಕೋಳಿ

ಸಕ್ಕರೆ ಕಾಯಿಲೆ ಬಂದ ಮೇಲೆ ಮೈದಾ ಬಿಟ್ಟೆ, ಕರಿದದ್ದು ಬಿಟ್ಟೆ, ಏರ್ ಫ್ರೈಯರ್ ಕೊಂಡೆ. ಆ ವಾರ ದೊಡ್ಡಉಳ್ಳಾರ್ತಿಯಿಂದ ಅವ್ವ ಚಳ್ಳಕೆರೆಯ ನಮ್ಮ ಮನೆಗೆ ಬಂದಿದ್ದಳು. ನಾನು ಕೋಳಿ ತುಂಡುಗಳಿಗೆ ಮೊಸರು, ಖಾರ ಸವರಿ ಶೇಂಗಾ ಪುಡಿಯಲ್ಲಿ ಹೊರಳಿಸುವುದನ್ನು ಅನುಮಾನದಿಂದಲೇ ನೋಡಿದಳು.

"ಎಣ್ಣೆ ಎಲ್ಲೈತೆ?"

"ಬ್ಯಾಡವ್ವ, ಬಿಸಿಗಾಳೀಲೇ ಬೇಯ್ತೈತೆ."

"ಹಂಗಾದ್ರೆ ನಮ್ಮೂರ ಬಿಸಿಲಿಗೆ ಕೋಳಿಗಳೆಲ್ಲ ಅಂಗಳದಾಗೇ ಬೆಂದಿರವು!"

ತುಂಡುಗಳನ್ನು ಫ್ರೈಯರಿನ ಬುಟ್ಟಿಗೆ ಹಾಕಿ ಒಳಗೆ ತಳ್ಳಿದೆ. ಎರಡು ನಿಮಿಷಕ್ಕೊಮ್ಮೆ ಅವಳು ಬುಟ್ಟಿ ಎಳೆದು ನೋಡುತ್ತಿದ್ದಳು. ಎಳೆದಾಗಲೆಲ್ಲ ಯಂತ್ರ ನಿಲ್ಲುತ್ತಿತ್ತು. ಕೊನೆಗೆ ನಾನೇ ಅಡ್ಡ ನಿಂತೆ. ತುಂಡುಗಳು ಕೆಂಪಗೆ, ಗರಿಗರಿಯಾಗಿ ಬಂದವು. ಅವ್ವ ಒಂದರ ಹಿಂದೊಂದು ನಾಲ್ಕು ತಿಂದಳು. ಗೆದ್ದೆನೆಂದು ಹಿಗ್ಗಿದೆ.

ಐದನೆಯದಕ್ಕೆ ಕೈಹಾಕುತ್ತಾ ಅಂದಳು: "ಚೆನ್ನಾಗಿ ಬೆಂದೈತೆ. ಇನ್ನ ಎಣ್ಣೆ ಕಾಯಾಕಿಡು, ಕರಿಯಾನ."