ಟೊಪ್ಪಿ ಹಾಕಿಕೊಂಡ ಕಾಯಿ

ನಮ್ಮ ಚಿಕ್ಕಮ್ಮನ ಬಾಯಿ ಬೊಂಬಾಯಿ. ಒಣಹಣ್ಣು, ಬೀಜ ಮಾರುವ ಅವಳ ಅಂಗಡಿಯಲ್ಲಿ ಒಂದು ಡಬ್ಬಕ್ಕೂ ಚೀಟಿ ಅಂಟಿಸಿರಲಿಲ್ಲ. "ಚೀಟಿ ಹಚ್ಚಿದ್ರೆ ಜನ ಓದ್ಕೊಂಡು ಸುಮ್ನೆ ಹೋಗ್ತಾರೆ. ಕೇಳ್ಲಿ, ಹೇಳ್ತೀನಿ" ಎನ್ನುತ್ತಿದ್ದಳು.

ಅಂಥವಳಿಗೆ ಲಕ್ವ ಹೊಡೆಯಿತು. ಕೈಕಾಲು ನಿಧಾನಕ್ಕೆ ಸರಿಹೋದವು, ಹೆಸರುಗಳು ಮಾತ್ರ ಹಿಂದಿರುಗಲಿಲ್ಲ. ಚಮಚ ಯಾವುದೆಂದು ಗೊತ್ತು, 'ಚಮಚ' ಎನ್ನಲು ಬಾರದು. ಕಟ್ಟಿಕೊಂಡ ಗಂಡನ ಹೆಸರೂ ಬಾರದು.

ಚಿಕ್ಕಪ್ಪ ಹೆದರಿದ. "ಹೆಸರೇ ಬಾಯಿಗೆ ಬರ್ಲಿಲ್ಲಾಂದ್ರೆ ವ್ಯಾಪಾರ ಹೆಂಗೆ? ನಾಲ್ಕು ಜನರ ಮುಂದೆ ನಗೆಪಾಟಲಾಗೋದು ಬೇಡ" ಎಂದು ಅಂಗಡಿಯನ್ನು ಪಕ್ಕದ ಬಟ್ಟೆಯಂಗಡಿಯವನಿಗೆ ಬಿಟ್ಟುಕೊಡುವ ಮಾತಾಡಿ ಬಂದ. ಅವಳನ್ನೊಂದು ಮಾತು ಕೇಳದೆ! ನನಗೆ ಮೈಯೆಲ್ಲ ಉರಿದುಹೋಯಿತು. ಚಿಕ್ಕಮ್ಮ ಜಗಳವಾಡಲಿಲ್ಲ. ಮರುದಿನ ಬೀಗದ ಕೈ ತೆಗೆದುಕೊಂಡು ಹೊರಟೇಬಿಟ್ಟಳು. ನಾವು ಹಿಂದೆಯೇ ಓಡಿ ಹೋಗಿ ನೋಡಿದರೆ, ಬಾಗಿಲು ತೆರೆದು ತನ್ನ ಸ್ಟೂಲಿನ ಮೇಲೆ ಕೂತಿದ್ದಳು.

ಮೊದಲ ಗಿರಾಕಿ ಒಬ್ಬ ಟೀಚರಮ್ಮ. ಹಸಿರು ಸಿಪ್ಪೆ ಸಮೇತ ಹೊಸದಾಗಿ ಬಂದಿದ್ದ ಹೇಜಲ್‌ನಟ್ ಎಂಬ ವಿದೇಶಿ ಕಾಯಿಯ ಬುಟ್ಟಿ ತೋರಿಸಿ, "ಇದೇನಮ್ಮ?" ಎಂದು ಕೇಳಿದರು. ಚಿಕ್ಕಪ್ಪ ಬಾಯಿ ತೆರೆದ. ನಾನು ಅವನ ತೋಳು ಹಿಡಿದೆ.

ಚಿಕ್ಕಮ್ಮ ಕಾಯಿಯೊಂದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹಸಿರು ಸಿಪ್ಪೆ ಅದರ ತಲೆಯನ್ನಷ್ಟೇ ಮುಚ್ಚಿತ್ತು.

"ಟೊಪ್ಪಿ," ಎಂದಳು. "ಟೊಪ್ಪಿ ಹಾಕ್ಕೊಂಡಿದೆ." ಪಕ್ಕದ ಬುಟ್ಟಿಯಿಂದ ಅದರದೇ ಇನ್ನೊಂದು ಬಗೆಯ ಕಾಯಿ ಎತ್ತಿದಳು. ಅದರ ಸಿಪ್ಪೆ ಕಾಯಿಯನ್ನೂ ದಾಟಿ ಇಳಿಬಿದ್ದಿತ್ತು. "ಇದಕ್ಕೆ ಗಡ್ಡ."

ಟೀಚರಮ್ಮ ಹಿಗ್ಗಿದರು. "ಓ, ಹೇಜಲ್‌ನಟ್ಟಾ! ಸರಿಯಾಗೇ ಹೇಳಿದ್ರಿ! ಹೇಜಲ್ ಅನ್ನೋ ಹೆಸರು ಬಂದದ್ದೇ ಹಳೇ ಇಂಗ್ಲಿಷಿನ ಟೊಪ್ಪಿ ಅನ್ನೋ ಮಾತಿಂದ ಅಂತಾರೆ. ಈ ಗಡ್ಡದ್ದನ್ನ ಫಿಲ್ಬರ್ಟ್ ಅಂತ ಕರೀತಾರಲ್ಲ, ಅದು 'ಫುಲ್ ಬಿಯರ್ಡ್', ಅಂದ್ರೆ ತುಂಬುಗಡ್ಡದಿಂದ ಬಂತು ಅಂತ ಕೆಲವರು. ಕಾಯಿ ಮಾಗೋ ಹೊತ್ತಿಗೆ ಒಬ್ಬ ಸಂತರ ದಿನ ಬರುತ್ತೆ, ಅವರ ಹೆಸರೇ ಇದಕ್ಕೆ ಬಂತು ಅಂತ ಇನ್ನು ಕೆಲವರು."

"ಗಡ್ಡಾನೇ," ಎಂದು ಚಿಕ್ಕಮ್ಮ ತೀರ್ಪು ಕೊಟ್ಟಳು. "ಎಷ್ಟು ಕೊಡ್ಲಿ?"

ಟೀಚರಮ್ಮ ಎರಡೂ ಬಗೆಯದನ್ನು ಕಟ್ಟಿಸಿಕೊಂಡು ಹೋದರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಚಿಕ್ಕಪ್ಪ ತಕ್ಕಡಿಯ ಹತ್ತಿರ ಬಂದು ನಿಂತ. ಮೂಗು ಕೆಂಪಾಗಿತ್ತು. "ಹಾಗಾದ್ರೆ ನಾನ್ಯಾರು, ಹೇಳು ನೋಡೋಣ," ಎಂದ. ಕಾಯಿಲೆ ಬಿದ್ದಾಗಿನಿಂದ ಈ ಪ್ರಶ್ನೆ ಕೇಳಲು ಅವನಿಗೆ ಧೈರ್ಯವೇ ಬಂದಿರಲಿಲ್ಲ.

ಚಿಕ್ಕಮ್ಮ ಕಾಯಿಯನ್ನು ನೋಡಿದ ಹಾಗೆಯೇ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಗಲ್ಲದ ಮೇಲೆ ಇಳಿಯುತ್ತಿದ್ದ ನೀರನ್ನೂ ನೋಡಿದಳು.

"ಅಳುಮುಂಜಿ," ಎಂದಳು.

ಚಿಕ್ಕಪ್ಪ ಕಣ್ಣೊರೆಸಿಕೊಂಡು, ಅಂಗಡಿ ಕೊಡುವುದಿಲ್ಲವೆಂದು ಹೇಳಿಬರಲು ಪಕ್ಕದ ಬಾಗಿಲಿಗೆ ಹೋದ.