ಬೋಣಿಗೆ ಮುಂಚೆ ಆಡಿದ ಮಾತು

ಮೋಟೆಬೆನ್ನೂರಿನ ಪುಷ್ಪಲತಾಗೆ ಪಿಎಚ್‌ಡಿ ಮಾಡುವ ಹಟ ಹುಟ್ಟಿದ್ದು ಐವತ್ತು ದಾಟಿದ ಮೇಲೆ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತ ಕಲಿಸುತ್ತಲೇ ಕೂದಲು ನೆರೆದಿತ್ತು. "ಈ ವಯಸ್ಸಿನ್ಯಾಗ ಡಾಕ್ಟರ್ ಆಗಿ ಯಾರಿಗೆ ಸೂಜಿ ಚುಚ್ಚಾಕಿ?" ಎಂದು ಗಂಡ ಶಶಿಕಾಂತ ನಕ್ಕರೆ, "ಮೊದಲು ನಿಮಗ" ಎಂದು ಬಾಯಿ ಮುಚ್ಚಿಸಿದ್ದಳು.

ಆಕೆ ಕೈಹಾಕಿದ ವಿಷಯ ಸಣ್ಣದಲ್ಲ. ಈಗೀಗ ತಲೆಯೆತ್ತುತ್ತಿರುವ ದೇಶಗಳಲ್ಲಿ ಹಣದ ಬಿಕ್ಕಟ್ಟು ಏಕೆ ಬರುತ್ತದೆ, ಬಂದಾಗ ಅಲ್ಲಿನ ಕೇಂದ್ರ ಬ್ಯಾಂಕು ಏನು ಮಾಡಿದರೆ ಬದುಕುತ್ತದೆ, ಏನು ಮಾಡಿದರೆ ಮುಳುಗುತ್ತದೆ ಎಂಬುದು. ಅಮೆರಿಕದಲ್ಲಿ ಬಡ್ಡಿ ಏರಿತೆಂದರೆ ಹೊರಗಿನಿಂದ ಬಂದ ಹಣ ಇಂಥ ದೇಶಗಳಿಂದ ಕಾಲು ಕೀಳುತ್ತದೆ. ಡಾಲರು ತುಟ್ಟಿಯಾಗುತ್ತದೆ. ಜನ ಹೆದರಿ ಮತ್ತಷ್ಟು ಡಾಲರಿಗೆ ಮುಗಿಬೀಳುತ್ತಾರೆ, ಅದು ಇನ್ನೂ ತುಟ್ಟಿಯಾಗುತ್ತದೆ. ಇದನ್ನು ಪುಸ್ತಕ ನೋಡಿ ಯಾರು ಬೇಕಾದರೂ ಬರೆದಾರು. ಎರಡು ಸಾವಿರದ ಇಪ್ಪತ್ತೆರಡರಲ್ಲಿ ಶ್ರೀಲಂಕಾದಲ್ಲಿ ಡಾಲರು ಬತ್ತಿಹೋದಾಗ, ಅಲ್ಲಿಗೆ ಮೆಣಸಿನಕಾಯಿ ಕಳಿಸಿದ ಬ್ಯಾಡಗಿಯವರು ಹೇಗೆ ತಡೆದುಕೊಂಡರು ಎಂಬ ಅಧ್ಯಾಯ ಮಾತ್ರ ಆಕೆಯ ಸ್ವಂತದ್ದು. ಅದರ ಮೇಲೆಯೇ ಆಕೆಯ ಜೀವ.

ಧಾರವಾಡದ ಮಾರ್ಗದರ್ಶಕರಿಗೆ ಅದು ಒಪ್ಪಿಗೆಯಾಗಿರಲಿಲ್ಲ. "ಯುಗಾದಿಯೊಳಗ ಒಬ್ಬ ವ್ಯಾಪಾರಿನಾದ್ರೂ ಬಾಯಿ ಬಿಟ್ಟು ಹೇಳಬೇಕು ಮೇಡಂ. ಇಲ್ಲಾಂದ್ರ ಆ ಅಧ್ಯಾಯ ತಗದ್ಬಿಡ್ರಿ" ಎಂದಿದ್ದರು.

ಬ್ಯಾಡಗಿ ಪೇಟೆಯಿಂದ ಕೊಲಂಬೊಗೆ ಮಾಲು ಕಳಿಸುವವರಲ್ಲಿ ಸೋಮಣ್ಣ ಹಳಬ. ಎಪ್ಪತ್ತರ ಮನುಷ್ಯ, ಮೀಸೆ ಇನ್ನೂ ಹುರಿ ಬಿಟ್ಟಿರಲಿಲ್ಲ. ಕಾಲೇಜಿಗೆ ಹೊತ್ತಾಗಬಾರದೆಂದು ಪುಷ್ಪಲತಾ ಮುಂಜಾನೆಯೇ ಆತನ ಅಂಗಡಿಗೆ ಹೋದಳು. ಸೋಮಣ್ಣ ಆಗಷ್ಟೇ ತಕ್ಕಡಿಗೆ ಊದಿನಕಡ್ಡಿ ಬೆಳಗಿ ಗಾದಿಯ ಮೇಲೆ ಕೂತಿದ್ದ. ಆಕೆ ನಿಂತ ಕಾಲಲ್ಲೇ ಕೇಳಿದಳು: "ಕಾಕಾ, ಶ್ರೀಲಂಕಾ ದಿವಾಳಿ ಆದಾಗ ನಿಮಗ ಎಷ್ಟು ಲುಕ್ಸಾನ ಆತ್ರಿ?"

ಸೋಮಣ್ಣನ ಮುಖ ಆತನ ಮೆಣಸಿನಕಾಯಿಗಿಂತ ಕೆಂಪಾಯಿತು.

"ಇನ್ನೂ ಬೋಣಿ ಆಗಿಲ್ಲ, ಬಾಗಲಾಗ ನಿಂತು ದಿವಾಳಿ, ಲುಕ್ಸಾನ ಅಂತೀರಲ್ಲ ಬಾಯಾರ! ಕಾಲೇಜಿನ್ಯಾಗ ಇದನ್ನ ಕಲಿಸ್ತೀರೇನು? ನಡೀರಿ, ನಡೀರಿ!"

ದಿನದ ಮೊದಲ ವ್ಯಾಪಾರ ಆಗುವವರೆಗೆ ಅಂಗಡಿಯಲ್ಲಿ ನಷ್ಟದ ಮಾತು ಎತ್ತಬಾರದು. ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ರೀತಿ ಅದು. ಇದೇ ಮಣ್ಣಿನಲ್ಲಿ ಹುಟ್ಟಿದವಳು ಬಸ್ಸಿನ ಅವಸರದಲ್ಲಿ ಮರೆತಿದ್ದಳು. ಮಧ್ಯಾಹ್ನದೊಳಗೆ ಪೇಟೆ ತುಂಬ ಸುದ್ದಿ ಹಬ್ಬಿತು. ಕಲಿಸುವ ಹೆಂಗಸರನ್ನು ಇಲ್ಲಿ ಬಾಯಾರು ಎನ್ನುತ್ತಾರೆ; ಆಕೆಗೆ 'ದಿವಾಳಿ ಬಾಯಾರು' ಎಂದು ಹೆಸರೂ ಬಿತ್ತು. ಮುಂದೆ ಯಾವ ಅಂಗಡಿಗೆ ಹೋದರೂ "ಸಾವ್ಕಾರ್ರು ಊರಾಗಿಲ್ಲ" ಎಂಬ ಒಂದೇ ಉತ್ತರ. ಸಾವ್ಕಾರರು ಒಳಗೆ ಕೆಮ್ಮುತ್ತಿರುವುದು ಮಾತ್ರ ಬೀದಿಗೆ ಕೇಳುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಧ್ಯಾಯ ಕಿತ್ತುಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಪುಷ್ಪಲತಾ ರಾಣೆಬೆನ್ನೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅದನ್ನೇ ಮೆಲುಕು ಹಾಕಿದಳು. ಹೊತ್ತಲ್ಲದ ಹೊತ್ತಿನಲ್ಲಿ ಆಡಿದ ಒಂದು ಮಾತಿಗೆ ಇಡೀ ಪೇಟೆ ಬಾಗಿಲು ಹಾಕಿಕೊಂಡಿತು. ಕೇಂದ್ರ ಬ್ಯಾಂಕಿನ ದೊಡ್ಡವರು ಪ್ರತಿ ಮಾತನ್ನೂ ತೂಗಿ ಆಡುವುದು ಇದಕ್ಕೇ ಅಲ್ಲವೇ? ಅವರ ಬಾಯಿಂದ ಒಂದು ಅಪಶಕುನ ಬಿದ್ದರೂ ಹಣ ಗಡಿ ದಾಟುತ್ತದೆ. ಹಾಗಾದರೆ ಕೆಟ್ಟ ಮಾತಿನಿಂದ ಹೋದ ನಂಬಿಕೆ ಬರೀ ಒಳ್ಳೆಯ ಮಾತಿನಿಂದ ಮರಳಿ ಬಾರದು. ಕೈಯಿಂದ ರೊಕ್ಕ ಬಿಚ್ಚಬೇಕು.

ಮರುದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೋಮಣ್ಣನ ಅಂಗಡಿಯ ಮುಂದೆ ಮೊದಲ ಗಿರಾಕಿಯಾಗಿ ನಿಂತಳು. ತುಟಿ ಪಿಟಕ್ಕೆನ್ನದೆ ಮೆಣಸಿನಕಾಯಿ ತೂಗಿಸಿಕೊಂಡು, ನಗದು ಕೊಟ್ಟು, ಬಸ್ಸು ಹತ್ತಿದಳು. ಅದರ ಮರುದಿನವೂ ಹಾಗೆಯೇ, ಆಚೆ ವಾರವೂ ಹಾಗೆಯೇ. ಕೊಂಡದ್ದನ್ನು ಕುಟ್ಟಿಸಿ ಖಾರಪುಡಿ ಮಾಡಿ ಕಾಲೇಜಿನವರಿಗೆಲ್ಲ ಮಾರಿದಳು.

"ಮನಿಯೊಳಗ ಸೀನು ನಿಲ್ಲವಲ್ದು. ಇದು ಪಿಎಚ್‌ಡಿನೋ ಖಾರಪುಡಿ ಕಾರಖಾನಿನೋ?" ಎಂದು ಶಶಿಕಾಂತ ಮೂಗು ಒರೆಸಿಕೊಂಡ.

"ಎರಡೂ. ಸೀನೂದು ಮುಗದ್ರ ಚೀಲ ಒಳಗಿಡ್ರಿ."

ದೈವವೋ ಸುಗ್ಗಿಯೋ, ಆಕೆ ಬೋಣಿ ಮಾಡಿದ ದಿನಗಳಲ್ಲಿ ಸೋಮಣ್ಣನ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಒಂದು ಮುಂಜಾನೆ ಎದುರಂಗಡಿಯವನು, "ಏನ್ ಸೋಮಣ್ಣಾ, ದಿವಾಳಿ ಬಾಯಾರ್ನ ಒಳಗ ಬಿಟ್ಟೀ?" ಎಂದು ಕೆಣಕಿದ.

"ಆಕೀ ಕೈಗುಣ ನಿನಗೇನ್ ಗೊತ್ತಲೇ! ಬಾಯಿ ಮುಚ್ಚಿಕೊಂಡು ನಿನ್ನ ನೊಣ ಹೊಡಕೋ" ಎಂದ ಸೋಮಣ್ಣ ಪುಷ್ಪಲತಾಳ ಕಡೆ ತಿರುಗಿದ. "ಕುಂದ್ರಿ ಬಾಯಾರ. ಬೋಣಿ ಆತಲ್ಲ. ಅವತ್ತಿಂದು ಈಗ ಕೇಳ್ರಿ."

ಎಷ್ಟು ಹೋಯಿತು ಎಂದು ಆಕೆ ಕೇಳಲಿಲ್ಲ. ಬೇರೆಯದೇ ಕೇಳಿದಳು: "ಕೊಲಂಬೊದಾಗ ಮಾಲು ಸಿಕ್ಕೊಂಡಾಗ, ಇಲ್ಲಿ ನಿಮ್ಮ ಬೋಣಿ ಯಾರು ಮಾಡತಿದ್ರು ಕಾಕಾ?"

ಸೋಮಣ್ಣ ಆಕೆಯನ್ನು ದಿಟ್ಟಿಸಿ ನೋಡಿದ. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕ.

"ನನ್ನ ಹೆಂಡ್ತಿ ತಮ್ಮ ಹೊಳಿಯಪ್ಪ! ದಿನಾ ಐರಣಿಯಿಂದ ಬರಾಂವ. ಊರಿಗೆಲ್ಲ ಕೇಳೂಹಂಗ ದರಾ ಮಾತಾಡಾಂವ, ಚೀಲ ಹೇರಿಕೊಂಡು ಹೋಗಾಂವ. ರೊಕ್ಕಾನೂ ನಂದ, ಮಾಲೂ ನಂದ. ಸಂಜೀಕ ಹಿಂದಿನ ಬಾಗಲದಿಂದ ಅದ ಚೀಲ ವಾಪಸ್. ಮಾಲು ಸಿಕ್ಕೊಂಡೈತಿ ಅಂತ ಒಬ್ಬಗ ಗೊತ್ತಾಗಿದ್ರ, ನನಗ ಸಾಲಾ ಕೊಟ್ಟವರೆಲ್ಲ ಒಮ್ಮೆಲೆ ಬಂದು ಕುಂದರತಿದ್ರು. ಒಮ್ಮೆಲೆ ಬಂದ್ರ ಯಾವ ಅಂಗಡಿ ಉಳಿತೈತಿ?"

"ಕೈಯಾಗಿನ ರೊಕ್ಕ ತೀರಿದ್ರ?"

"ತೀರಿದ್ರ ನಾಟಕಾನೂ ತೀರತಿತ್ತು. ಕೊಲಂಬೊದ ರೊಕ್ಕ ತಡಾ ಆತು, ಆದ್ರ ಬಂತು. ಅಷ್ಟ ನನ್ನ ಪುಣ್ಯಾ."

ಪುಷ್ಪಲತಾಳ ಕಣ್ಣು ಹೊಳೆದವು. "ಕೇಂದ್ರ ಬ್ಯಾಂಕಿನವರೂ ಇದನ್ನ ಮಾಡ್ತಾರ ಕಾಕಾ. ತಮ್ಮ ರೊಕ್ಕದ ದರಾ ಬೀಳಬಾರದಂತ, ಇಟ್ಟಿದ್ದ ಡಾಲರ್ ಕೊಟ್ಟು ತಮ್ಮ ರೊಕ್ಕ ತಾವ ಕೊಳ್ತಾರ."

"ಅವರಿಗೂ ಒಬ್ಬ ಹೊಳಿಯಪ್ಪ ಇರ್ತಾನೇನು?"

"ಇರ್ತಾನ. ಡಾಲರ್ ತೀರೂತನಾ ಇರ್ತಾನ."

ಹೆಸರು ಬರೆಯಬಾರದು ಎಂಬ ಒಂದೇ ಕರಾರು ಹಾಕಿ ಸೋಮಣ್ಣ ಚಹಾ ತರಿಸಿದ. ಪುಷ್ಪಲತಾ ಅಧ್ಯಾಯ ಬರೆದು ಯುಗಾದಿಗೆ ಮೊದಲೇ ಧಾರವಾಡಕ್ಕೆ ಕಳಿಸಿದಳು. ಓದಿದ ಮಾರ್ಗದರ್ಶಕರು ಫೋನು ಮಾಡಿದರು.

"ಅಧ್ಯಾಯ ಇರಲಿ ಮೇಡಂ, ತಗೀಬ್ಯಾಡ್ರಿ. ಆದ್ರ ಒಬ್ಬನ ಮಾತಿನ ಮ್ಯಾಲೆ ಪ್ರಬಂಧ ನಿಲ್ಲೂದಿಲ್ಲ."

"ಗೊತ್ತದ ಸರ್," ಎಂದಳು ಪುಷ್ಪಲತಾ. ಆಗಲೇ ಆಕೆ ಬ್ಯಾಡಗಿ ಪೇಟೆಯಲ್ಲಿ ಎದುರಂಗಡಿಯವನ ಬಾಗಿಲಲ್ಲಿದ್ದಳು. ಆತ ತಕ್ಕಡಿಗೆ ಊದಿನಕಡ್ಡಿ ಬೆಳಗುತ್ತಿದ್ದ. "ಸ್ವಲ್ಪ ತಡೀರಿ ಸರ್, ಬೋಣಿ ಮಾಡಿ ಮಾತಾಡ್ತೀನಿ," ಎಂದು ಆಕೆ ಫೋನು ಇಟ್ಟಳು.